ಅತ್ತೆ ಬಿಚ್ಚಿಟ್ಟ ಬಂದೂಕು

ಮಾವ ಬಾವಿಯ ಜಗಳದಲ್ಲಿ ಗುಂಡೇಟಿಗೆ ಸತ್ತ ಮರುದಿನವೇ ನನ್ನ ಅತ್ತೆ ತಖಿಯಾ, ಕಮ್ಮಾರನನ್ನು ಕರೆಸಿ ಅವರ ಬಂದೂಕನ್ನು ಬಿಚ್ಚಿಸಿದರು. ಆಮೇಲೆ ತುಂಡುಗಳನ್ನು ಮನೆ ತುಂಬ ಬಚ್ಚಿಟ್ಟರು. ನಳಿಗೆ ಮೇವಿನ ಅಟ್ಟ ಸೇರಿತು, ಹಿಡಿ ಹಳೆಯ ಹಾಸಿಗೆಯೊಳಕ್ಕೆ ಹೋಯಿತು, ಸ್ಪ್ರಿಂಗು ಜೋಳದ ಡಬ್ಬಿಗೆ. ಇಬ್ಬರು ಗಂಡುಮಕ್ಕಳೂ ಕೇಳಿದರು, ಕೂಗಾಡಿದರು. "ನನ್ನ ಹಾಲು ಕುಡಿದವರು ಆ ಬಾವಿಗಾಗಿ ಸಾಯೋದು ಬೇಡ" ಎಂದು ಅತ್ತೆ ಬೆನ್ನು ತಿರುಗಿಸಿದರು. ರಾಜಧಾನಿ ಸನಾದಲ್ಲಿ ಓದಿ ಈ ಬೆಟ್ಟಕ್ಕೆ ಸೊಸೆಯಾಗಿ ಬಂದಿದ್ದ ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಂದೇ.

ಮೊನ್ನೆ ಬೆಳಿಗ್ಗೆ ನನ್ನ ಗಂಡ ಮುತಹ್ಹರ್ ಪಕ್ಕದ ಮನೆಯವಳ ಕೈಲಿ ಸುದ್ದಿ ಕಳಿಸಿದರು. ನ್ಯಾಯ ಹೇಳಲು ಬುಡಕಟ್ಟಿನ ಮುಖ್ಯಸ್ಥರಾದ ಶೇಖ್ ಒಪ್ಪಿದ್ದಾರೆ. ತೀರ್ಪಿಗೆ ಬದ್ಧರೆಂದು ತೋರಿಸಲು ಎರಡೂ ಕಡೆಯವರು ಒಂದೊಂದು ಬಂದೂಕು ಅಡವಿಡಬೇಕು. ನಮ್ಮ ಕಡೆಯಿಂದ ಸತ್ತವರದ್ದೇ ಆಗಬೇಕು, ಅದೂ ಮಧ್ಯಾಹ್ನದ ನಮಾಜಿನೊಳಗೆ. ಬಿಡಿಬಿಡಿಯಾದ, ಇಲ್ಲವೇ ಕೆಲಸ ಮಾಡದ ಬಂದೂಕು ಕೊಟ್ಟರೆ ಜಗಳವನ್ನು ಮನೆಯಲ್ಲೇ ಉಳಿಸಿಕೊಂಡಿದ್ದೇವೆ ಎಂದಾಗುತ್ತದೆ, ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಮುತಹ್ಹರ್ ಬರಿಗೈಯಲ್ಲಿ ಎದುರಾಳಿಗಳ ನಡುವೆ ಕೂತಿದ್ದರು.

ಕಮ್ಮಾರನ ಮನೆ ಎದುರಾಳಿಗಳ ಕೇರಿಯಲ್ಲಿ, ಈಗ ಅವನನ್ನು ಕರೆದರೆ ಸುದ್ದಿ ಅವರಿಗೆ ಮುಟ್ಟುತ್ತದೆ. ಮೈದುನ ದೈಫುಲ್ಲಾ ಜಗಿಯುವ ಖಾತ್ ಎಲೆಯ ತೋಟದಲ್ಲಿದ್ದ. ಇಡೀ ಬಂದೂಕು ಅವನ ಕೈಗೆ ಸಿಕ್ಕರೆ ಶೇಖರ ಬಳಿಗಲ್ಲ, ಅಪ್ಪನನ್ನು ಕೊಂದವನ ಮನೆಗೇ ಹೋಗುತ್ತಾನೆ. ಹಾಗಾಗಿ ಬಾಗಿಲಿಗೆ ಅಗುಳಿ ಹಾಕಿ, ತುಂಡುಗಳನ್ನೆಲ್ಲ ತಂದು, ಅತ್ತೆ ಮತ್ತು ನಾನು ಇಬ್ಬರೇ ಚಾಪೆಯ ಮೇಲೆ ಕೂತೆವು.

ಕಬ್ಬಿಣ ತಣ್ಣಗಿತ್ತು. ಗುಂಡಿಲ್ಲ ಎಂದು ಗೊತ್ತಿದ್ದರೂ, ಒಂದು ತುಂಡು ಇನ್ನೊಂದಕ್ಕೆ ಕೂತಾಗಲೆಲ್ಲ ಮಗಳು ವರ್ದಾಳನ್ನು ಕಾಲಿನಿಂದ ಇನ್ನಷ್ಟು ದೂರ ಸರಿಸುತ್ತಿದ್ದೆ.

"ಅದು ಹಾಗಲ್ಲ ಕಣೇ!"

"ಹಾಗಾದ್ರೆ ಹೇಗೆ ಅತ್ತೆ?"

"ನಂಗೇನು ಗೊತ್ತು! ಹಾಗಲ್ಲ ಅಂತ ಗೊತ್ತು, ಅಷ್ಟೇ. ಕಾಲೇಜಿಗೆ ಹೋದವಳು ನೀನು."

"ಅಲ್ಲಿ ಇದನ್ನ ಹೇಳಿಕೊಡಲ್ಲ."

"ಮತ್ತೆ ಇನ್ನೇನು ಕಲ್ತೆ ಮಾರಾಯ್ತಿ?"

ಸ್ಪ್ರಿಂಗು ಕೈ ಜಾರಿ ಹಾರಿ ದೀಪಕ್ಕೆ ಬಡಿಯಿತು. ವರ್ದಾ ಕೇಕೆ ಹಾಕಿ ನಕ್ಕಳು. ನನಗೆ ಅಳು ಬಂತು.

ಕೊನೆಗೆ ಎಲ್ಲ ಕೂತಿತು, ಒಂದು ಮೊಳೆ ಬಿಟ್ಟು. ಗುಂಡಿನ ಬೆನ್ನಿಗೆ ಹೊಡೆಯುವ ಸಣ್ಣ ಮೊಳೆ ಅದು. ಚಾಪೆ ಕೊಡವಿದೆ, ಡಬ್ಬಿಗಳನ್ನೆಲ್ಲ ಬೋರಲು ಹಾಕಿದೆ. ತಿರುಗಿ ನೋಡಿದರೆ ವರ್ದಾ ಏನನ್ನೋ ಚೀಪುತ್ತಿದ್ದಳು. ದವಡೆ ಒತ್ತಿ ಬೆರಳು ತೂರಿಸಿದೆ. ಖರ್ಜೂರದ ಬೀಜ. ಅದಕ್ಕೂ ಮೊದಲು ಇನ್ನೇನಾದರೂ ನುಂಗಿದ್ದರೆ? ಅವಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

"ಮಗುನ ಬಿಡು" ಎಂದರು ಅತ್ತೆ. ಅವರು ಹುಡುಕುತ್ತಲೇ ಇರಲಿಲ್ಲ. ಕೈ ಕೊರಳ ಬೆಳ್ಳಿ ತಾಯಿತದ ಮೇಲಿತ್ತು. "ಇಲ್ಲಿದೆ. ಇದೊಂದಿಲ್ದೆ ಕೊಟ್ರೆ ಯಾರಿಗೂ ಗುಂಡು ತಗಲಲ್ಲ. ಹಾಗೇ ಕೊಟ್ಟುಬಿಡೋಣ."

"ಶೇಖ್ ಬಂದೂಕಿನ ಕುದುರೆ ಎಳೆದು ನೋಡ್ತಾರೆ ಅತ್ತೆ. ನಿಮ್ಮ ಮಗ ಅಲ್ಲಿ ಬರಿಗೈಲಿ ಕೂತಿದಾರೆ."

ಅತ್ತೆ ತಾಯಿತ ಬಿಚ್ಚಿದರು. ಒಳಗಿದ್ದ ಮೊಳೆಯನ್ನು ಇಬ್ಬರೂ ಸೇರಿ ಕೂರಿಸಿದೆವು.

ಅಷ್ಟರಲ್ಲಿ ಬಾಗಿಲು ದಡಬಡ. "ಹಾಡುಹಗಲೇ ಯಾಕೆ ಅಗುಳಿ ಹಾಕ್ಕೊಂಡಿದೀರಿ?" ದೈಫುಲ್ಲಾ.

ಅತ್ತೆ ಬಂದೂಕನ್ನು ವರ್ದಾಳ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಬಾಗಿಲು ತೆರೆದರು. ಉದ್ದ ನೋಡಿಯೇ ಅವನಿಗೆ ಗೊತ್ತಾಯಿತು.

"ಕೊಡು. ನಾನು ಒಯ್ತೀನಿ."

"ನೀನು ಒಯ್ಯೋ ದಾರಿ ಬೇರೆ, ನಂಗೊತ್ತು."

"ಅಮ್ಮಾ, ಅದು ಅಪ್ಪಂದು."

"ನೀನೂ ಅವರದ್ದೇ." ಚಾಚಿದ ಅವನ ಅಂಗೈಯಲ್ಲಿ ಬರಿದಾದ ತಾಯಿತ ಇಟ್ಟರು. "ಬರೋವರೆಗೆ ಇದನ್ನ ಹಿಡ್ಕೊಂಡಿರು."

ತಾಯಿಯನ್ನು ನೂಕದೆ ಅವನು ಬಂದೂಕು ಕಿತ್ತುಕೊಳ್ಳುವಂತಿರಲಿಲ್ಲ. ನೂಕಲಿಲ್ಲ.

ನಾನು ಮಗುವನ್ನು ಅವಚಿಕೊಂಡು ಮಾಳಿಗೆ ಹತ್ತಿದೆ. ಕಪ್ಪು ಬಟ್ಟೆಯ ಅತ್ತೆ ಎದುರಾಳಿಗಳ ಮನೆಗಳ ಮುಂದೆಯೇ ಇಳಿದು ಹೋಗುತ್ತಿದ್ದರು. ಹೆಂಗಸಿನ ಮೇಲೆ ಗುಂಡು ಹಾರಿಸಿದವನ ಮನೆಗೆ ಇಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಅದು ಗೊತ್ತಿದ್ದರೂ ಅವರು ದಾಟುವ ಒಂದೊಂದು ಬಾಗಿಲನ್ನೂ ಎಣಿಸುತ್ತಿದ್ದೆ. ಕೆಳಗೆ ಮರದಡಿ ಶೇಖ್ ಬಂದೂಕು ಎತ್ತಿ ಆಕಾಶಕ್ಕೆ ಹಿಡಿದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಎದುರಾಳಿಗಳ ಬಂದೂಕಿನ ಪಕ್ಕದಲ್ಲಿ ಮಲಗಿತ್ತು.

ಸಂಜೆ ಮುತಹ್ಹರ್ ಅತ್ತೆಯ ಜೊತೆ ಮನೆಗೆ ಬಂದರು.

ತೀರ್ಪು ಇನ್ನೂ ಬಂದಿಲ್ಲ. ಬಂದ ದಿನ ಬಂದೂಕೂ ಹಿಂದಿರುಗುತ್ತದೆ, ಈ ಸಲ ಇಡಿಯಾಗಿ. ಅದಕ್ಕೇ ರೊಟ್ಟಿ ತಟ್ಟುವಾಗ, ವರ್ದಾಳಿಗೆ ಹಾಲೂಡುವಾಗ, ಜೋಡಿಸಿದ್ದನ್ನೆಲ್ಲ ಕೊನೆಯಿಂದ ಮೊದಲಿಗೆ ನೆನಪಿಸಿಕೊಳ್ಳುತ್ತಿರುತ್ತೇನೆ. ಮೊದಲು ಮೊಳೆ.