ಗೂಡಿನೊಳಗಿನ ಹುಡುಗಿ

ಕಾಮಿಕ್ಸ್ ಅಂಗಡಿಯ ಒಡತಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಾದ, ತಲೆ ಪೂರ್ತಿ ನೆರೆತ ಗಿರಾಕಿಗಳೂ ಅಕ್ಕ ಎನ್ನುತ್ತಿದ್ದರು. ಅವಳಿಗೂ ಅಭ್ಯಾಸವಾಗಿ ಹೋಗಿತ್ತು. ಪ್ರತಿ ಶುಕ್ರವಾರ ಹೊಸ ಪುಸ್ತಕಗಳ ಪಾರ್ಸೆಲ್ ಬರುತ್ತಿತ್ತು. ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ ಅವಳು ಅವೆಲ್ಲವನ್ನೂ ಓದಿ ಮುಗಿಸುವಳು. ಓದದೆ ಹೊಗಳುವ ಚಾಳಿ ಅವಳಿಗಿರಲಿಲ್ಲ. ಹಿಡಿಸಿದ್ದರ ಮೇಲೆ ಹಳದಿ ಚೀಟಿ ಅಂಟಿಸಿ, ದುಂಡು ಅಕ್ಷರದಲ್ಲಿ ಒಂದು ಸಾಲು ಬರೆಯುವಳು: "ಮೊದಲ ಹತ್ತು ಪುಟ ಸಹಿಸಿಕೊಳ್ಳಿ, ಆಮೇಲೆ ಊಟ ಮರೆಯುತ್ತೀರಿ." ಇಲ್ಲವೇ, "ಹೀರೋಗಿಂತ ಅವನ ಅತ್ತೆ ಗಟ್ಟಿಗಿತ್ತಿ." ಹಿಡಿಸದಿದ್ದರೆ ಚೀಟಿ ಇಲ್ಲ, ಅಷ್ಟೆ. ಆ ಚೀಟಿ ನೋಡಿಯೇ ಕೊಳ್ಳುವವರಿದ್ದರು.

ಅವಳು ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳೂ ಅಪ್ಪನೂ ಇದ್ದರು. ಅಪ್ಪ ಆಯುಷ್ಯವಿಡೀ ಲೇತ್ ಮೆಷೀನಿನ ಮುಂದೆ ನಿಂತು ಕಿವಿ ಮಂದ ಮಾಡಿಕೊಂಡ ಮನುಷ್ಯ. ಈಗ ಅಂಗಡಿಯ ಬಾಗಿಲ ಪಕ್ಕ ಕುರ್ಚಿ ಹಾಕಿ ಕೂತು, ಪುಸ್ತಕ ಮಡಚುವ ಮಕ್ಕಳನ್ನು ಗದರಿಸುವುದೇ ಅವನ ಉದ್ಯೋಗ.

ಒಂದು ಶುಕ್ರವಾರ ಪಾರ್ಸೆಲ್ಲಿನ ತಳದಲ್ಲಿ ತೆಳ್ಳನೆಯ ಕಪ್ಪು-ಬಿಳುಪು ಪುಸ್ತಕವೊಂದು ಸಿಕ್ಕಿತು. ಸಣ್ಣ ಪ್ರಕಾಶನ, ಹೊಸ ಕಲಾವಿದೆ. ದೆವ್ವದ ಕಥೆ, ಮೊದಲ ಭಾಗ. ಅಕ್ಕ ಟೀ ಲೋಟ ಹಿಡಿದುಕೊಂಡೇ ಪುಟ ತಿರುಗಿಸಿದಳು.

ಒಂದು ಮನೆ. ಮರದ ಮೆಟ್ಟಿಲು. ಮೆಟ್ಟಿಲ ಕೆಳಗೆ ಕುಳ್ಳ ಬಾಗಿಲಿನ ಒಂದು ಗೂಡು. ಅದರೊಳಗೆ ಎರಡು ಜಡೆಯ ಹುಡುಗಿಯೊಬ್ಬಳು ಮೊಣಕಾಲು ಮಡಚಿ ಕೂತಿದ್ದಾಳೆ. ಗೋಡೆ ತುಂಬ ಮಕ್ಕಳು ಬಿಡಿಸುವಂಥ ಚಿತ್ರಗಳು. ಕಿಟಕಿಗೆ ಪರದೆ ಇರುವ ದೋಣಿ, ಟೋಪಿ ಹಾಕಿದ ಮೀನು, ಐದು ಕಾಲಿನ ಕುದುರೆ.

ಐದನೆಯದು ಕಾಲಲ್ಲ, ಬಾಲ. ನೆಲ ಮುಟ್ಟುವಷ್ಟು ಉದ್ದದ ಬಾಲ. ಅಕ್ಕನಿಗೆ ಅದು ಗೊತ್ತಿತ್ತು, ಏಕೆಂದರೆ ಆ ಕುದುರೆಯನ್ನು ಇದ್ದಿಲಿನಲ್ಲಿ ಬಿಡಿಸಿದವಳು ಅವಳೇ. ಆಗ ಅವಳಿಗೆ ಎಂಟು ವರ್ಷ.

ಟೀ ಆರಿ ಕೆನೆ ಕಟ್ಟಿತು.

"ಅಕ್ಕಾ, ಹೊಸದೇನು ಬಂತು?" ಎನ್ನುತ್ತ ಬಸ್ ಕಂಡಕ್ಟರ್ ಒಳಗೆ ಬಂದ. ದೆವ್ವದ ಕಥೆ ಬಿಟ್ಟು ಬೇರೇನನ್ನೂ ಮುಟ್ಟದ ಗಿರಾಕಿ. ಅಕ್ಕ ಬಚ್ಚಿಡುವಷ್ಟರಲ್ಲಿ ಪುಸ್ತಕ ಅವನ ಕಣ್ಣಿಗೆ ಬಿದ್ದಾಗಿತ್ತು. ಒಂದು ಪ್ರತಿ ಕೊಟ್ಟು ಕಳಿಸಿದಳು.

ಮರುದಿನ ಡ್ಯೂಟಿಗೆ ಹೋಗುವ ಮೊದಲೇ ಅವನು ಮತ್ತೆ ಹಾಜರಾದ.

"ಎಂಥಾ ಪುಸ್ತಕ ಅಕ್ಕಾ! ಇದಕ್ಯಾಕೆ ಚೀಟಿ ಅಂಟ್ಸಿಲ್ಲ ನೀವು? ಅಮ್ಮ ಬರ್ತಾಳೆ, ಬರ್ತಾಳೆ ಅಂತ ಕಾಯ್ತಾ ಇರುತ್ತಲ್ಲ ಆ ಹುಡುಗಿ, ಪಾಪ... ತಾನು ಸತ್ತೋಗಿದೀನಿ ಅಂತ ಅವಳಿಗೇ ಗೊತ್ತಿಲ್ಲ. ಅಲ್ವಾ?"

"ಸತ್ತಿದಾಳೆ ಅಂತ ಯಾರು ಹೇಳಿದ್ದು?" ಅಕ್ಕನ ದನಿ ಏರಿತು.

"ನೋಡಿದ್ರೆ ಗೊತ್ತಾಗಲ್ವಾ? ಮನೇಲಿ ಒಬ್ರೂ ಅವಳ ಕಡೆ ತಿರುಗಿ ನೋಡಲ್ಲ."

ಆ ಮಾತು ಅಕ್ಕನ ಬೆನ್ನು ಬಿಡಲಿಲ್ಲ. ಯಾರಾದರೂ ಒಳಗೆ ಬಂದು, ಅವಳತ್ತ ನೋಡದೆ ಪುಸ್ತಕ ತಿರುವಿ ಹಾಕಿ ಹೊರಟರೆ, ತಡೆದು ಮಾತಾಡಿಸುವಳು. ಕೂಗಿದಾಗ ಅಪ್ಪ ಓಗೊಡದಿದ್ದರೆ, ಕಿವಿ ಮಂದವೆಂದು ಗೊತ್ತಿದ್ದೂ, ಹತ್ತಿರ ಹೋಗಿ ಭುಜ ಮುಟ್ಟಿ ನೋಡುವಳು. ಒಂದು ಬೆಳಿಗ್ಗೆಯಂತೂ ಕನ್ನಡಿಯ ಮೇಲೆ ಉಸಿರು ಬಿಟ್ಟು, ಗಾಜು ಮಬ್ಬಾದದ್ದನ್ನು ಕಂಡ ಮೇಲೆಯೇ ಕೆಳಗಿಳಿದಳು.

ಕೊನೆಗೆ ಪುಸ್ತಕವನ್ನು ಅಪ್ಪನ ತೊಡೆಯ ಮೇಲಿಟ್ಟಳು. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಈ ಗೂಡಿನ ಚಿಲಕ ನಾನು ಮಾಡಿದ್ದು," ಎಂದ. "ಕಾರ್ಖಾನೇಲಿ ಮಿಕ್ಕಿದ ಹಿತ್ತಾಳೆ ತುಂಡಲ್ಲಿ."

"ಇವರಿಗೆ ಹೇಗಪ್ಪಾ ಗೊತ್ತಾಯ್ತು?"

"ನಾವು ಬಿಟ್ಟ ಮೇಲೆ ಆ ಮನೆಗೆ ಎಷ್ಟು ಜನ ಬಾಡಿಗೆಗೆ ಬಂದು ಹೋದ್ರೋ." ಅವನು ಪುಸ್ತಕ ಮುಚ್ಚಿ ವಾಪಸ್ ಕೊಟ್ಟ. ಆ ಮನೆಯ ಮಾತನ್ನು ಅಪ್ಪ ತಾನಾಗಿ ಎತ್ತಿದವನಲ್ಲ.

ಅಕ್ಕ ಆ ಕುದುರೆ ಬಿಡಿಸಿದ್ದು ಅಮ್ಮ ಹಾಸಿಗೆ ಹಿಡಿದ ವರ್ಷ. ಮನೆಯಲ್ಲಿ ಗದ್ದಲ ಮಾಡಬಾರದೆಂದು ಅವಳು ಗೂಡು ಸೇರಿ ಚಿತ್ರ ಬಿಡಿಸುತ್ತಿದ್ದಳು. ಕಾಯಿಲೆ ಬಿಗಡಾಯಿಸಿದಾಗ ಅವಳನ್ನು ಚಿಕ್ಕಮ್ಮನ ಮನೆಗೆ ಕಳಿಸುವುದೆಂದಾಯಿತು. ಹೊರಡುವ ದಿನ ಹಟ ಹಿಡಿದು ಗೂಡಿನೊಳಗೆ ಅಡಗಿ ಕೂತಳು. ಹಾಸಿಗೆಯಿಂದ ಅಮ್ಮ ಕೂಗಿದರೂ ಹೊರಗೆ ಬರಲಿಲ್ಲ. ಅಪ್ಪನೇ ಎಳೆದು ತೆಗೆದು ಕರೆದೊಯ್ದ. ಅಮ್ಮನಿಗೆ ಹೋಗಿ ಬರುತ್ತೇನೆ ಎಂದೂ ಅವಳು ಹೇಳಲಿಲ್ಲ. ಮತ್ತೆ ಅವಳನ್ನು ಕರೆತಂದದ್ದು ಬೇರೆಯೇ ಮನೆಗೆ. ಅಲ್ಲಿ ಅಮ್ಮ ಇರಲಿಲ್ಲ.

ಎರಡನೆಯ ಭಾಗ ಬರುವಷ್ಟರಲ್ಲಿ ಅದಕ್ಕಾಗಿ ಬಾಗಿಲು ಕಾಯುವವರಿದ್ದರು. ಅಕ್ಕ ನಿಂತಲ್ಲೇ ಕೊನೆಯ ಪುಟದವರೆಗೆ ಓದಿದಳು. ಹುಡುಗಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳೆ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ, ನೆಲಕ್ಕೆ ಹತ್ತಿರವಾಗಿ, ಒಬ್ಬ ಹೆಂಗಸಿನ ಚಿತ್ರ. ಕೂತುಕೊಂಡು ಎರಡೂ ಕೈ ಚಾಚಿದ್ದಾಳೆ. ಗೆರೆಗಳು ಅಂಕುಡೊಂಕು, ಕಸುವಿಲ್ಲದ ಕೈಯವು.

ಅದನ್ನು ಅಕ್ಕ ಬಿಡಿಸಿರಲಿಲ್ಲ.

ಪ್ರಕಾಶಕರಿಗೆ ಫೋನ್ ಮಾಡಿದಳು. ಪುಸ್ತಕದ ಬಗ್ಗೆ ಮಾತಾಡಲು ಅಂಗಡಿಯವರು ಕರೆಯುತ್ತಿದ್ದಾರೆಂದುಕೊಂಡು ಕಲಾವಿದೆ ಖುಷಿಯಿಂದಲೇ ಬಂದಳು. ಮೂವತ್ತರ ಆಚೀಚೆಯ ಹೆಣ್ಣುಮಗಳು, ಬೆರಳ ಸಂದಿಯಲ್ಲೆಲ್ಲ ಮಸಿ. ಅಕ್ಕ ಪುಟ ತೆರೆದು ತೋರಿಸಿದಳು.

"ಈ ಕುದುರೆಗಿರೋದು ಐದು ಕಾಲಲ್ಲ ಕಣಮ್ಮ, ಅದು ಬಾಲ. ನಾನೇ ಬಿಡಿಸಿದ್ದು."

ಕಲಾವಿದೆ ಹಿಂದೆ ಹಿಂದೆ ಸರಿದು ಶೆಲ್ಫಿಗೆ ಬೆನ್ನು ತಾಗಿಸಿದಳು. ಒಂದೆರಡು ಪುಸ್ತಕ ಕೆಳಗೆ ಬಿದ್ದವು.

"ನೀವು... ಬದುಕಿದೀರಾ?"

"ಹಾಗಂತ ಅಂದ್ಕೊಂಡಿದೀನಿ."

ಅವಳನ್ನು ಕೂರಿಸಿ ನೀರು ಕೊಟ್ಟ ಮೇಲೆ ಮಾತು ಹೊರಬಂತು. "ಬೀದಿಯವರೆಲ್ಲ ಹೇಳ್ತಿದ್ರು ಅಕ್ಕಾ. ತಾಯಿ ಹಿಂದೇನೇ ಮಗೂನೂ ಹೋಯ್ತು, ಆಮೇಲೆ ಅದನ್ನ ಯಾರೂ ನೋಡೇ ಇಲ್ಲ ಅಂತ. ಆಮೇಲೆ ಆ ಮನೇಲಿ ಬಾಡಿಗೆಗಿದ್ದದ್ದು ನಾವು. ನಮ್ಮಪ್ಪ ಅಮ್ಮ ಜಗಳ ಆಡುವಾಗೆಲ್ಲ ನಾನು ಆ ಗೂಡಲ್ಲೇ ಕೂರ್ತಿದ್ದೆ. ನಿಮ್ಮ ಹತ್ರ ಮಾತಾಡ್ತಿದ್ದೆ. ನೀವೂ ಮಾತಾಡ್ತಿದ್ರಿ ಅನ್ಸೋದು."

"ಏನು ಹೇಳ್ತಿದ್ದೆ ನಾನು?"

"'ಷ್, ಅಮ್ಮ ಮಲಗಿದಾಳೆ' ಅಂತ."

ಅಪ್ಪ ತುಟಿಯ ಮೇಲೆ ಬೆರಳಿಟ್ಟು ಚಿಕ್ಕಂದಿನಲ್ಲಿ ಅಕ್ಕನಿಗೆ ದಿನವೂ ಹೇಳುತ್ತಿದ್ದ ಮಾತು ಅದು. ಅವಳು ಅದನ್ನೇ ತನ್ನ ಕುದುರೆಗೂ ಮೀನಿಗೂ ಹೇಳುತ್ತಿದ್ದಳು. ಯಾವ ಗೋಡೆಯ ಮೇಲೂ ಬರೆದಿರಲಿಲ್ಲ.

ಎರಡನೆಯ ಭಾಗದ ಕೊನೆಯ ಪುಟ ತೆರೆದು, "ಈ ಹೆಂಗಸು? ಇದು ನೀನು ಕಲ್ಪನೆ ಮಾಡ್ಕೊಂಡಿದ್ದಾ?" ಎಂದು ಕೇಳಿದಳು.

"ಇಲ್ಲಕ್ಕಾ, ಅಲ್ಲೇ ಇತ್ತು. ಬೇರೆಯವೆಲ್ಲ ಇದ್ದಿಲಲ್ಲಿ ಬರೆದದ್ದು. ಇದೊಂದು ಮಾತ್ರ ಮೊಳೆನೋ ಏನೋ ತಗೊಂಡು ಕೆರೆದಿದ್ರು."

"ಹೇರ್‌ಪಿನ್ನು," ಎಂದ ಅಪ್ಪ.

ಅವನು ಯಾವಾಗ ಕುರ್ಚಿ ಎಳೆದುಕೊಂಡು ಹತ್ತಿರ ಬಂದಿದ್ದನೋ ಇಬ್ಬರೂ ನೋಡಿರಲಿಲ್ಲ.

"ನೀನು ಚಿಕ್ಕಮ್ಮನ ಮನೇಲಿದ್ದಾಗ, ನಿಮ್ಮಮ್ಮ ದಿನಾ ಆ ಗೂಡಿಗೆ ಎತ್ಕೊಂಡು ಹೋಗು ಅಂತ ಪ್ರಾಣ ತಿನ್ನೋಳು. ಕೂರೋ ಶಕ್ತಿ ಎಲ್ಲಿತ್ತು, ಗೋಡೆಗೆ ಒರಗಿಸ್ತಿದ್ದೆ. ಬಾಗಿಲು ಮುಚ್ಚು ಅನ್ನೋಳು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ಒಳಗೆ ಕೆರೆಯೋ ಸದ್ದು." ಅವನು ಮಂದವಾದ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. "ಬೇರೆ ಯಾವ್ದೂ ಸರಿಯಾಗಿ ಕೇಳ್ಸಲ್ಲ ನಂಗೆ. ಅದು ಕೇಳ್ಸುತ್ತೆ."

"ನಂಗ್ಯಾಕಪ್ಪಾ ಹೇಳ್ಲಿಲ್ಲ?"

"ಹೇಳಿದ್ರೆ ತೋರ್ಸು ಅಂತಿದ್ದೆ. ಆ ಬಾಗಿಲು ತೆಗೆಯೋಕೆ ನನ್ನ ಕೈಲಿ ಆಗ್ತಿರ್ಲಿಲ್ಲಮ್ಮ."

ಮುಂದಿನ ವಾರ ಅಕ್ಕ ಅಂಗಡಿ ಮುಚ್ಚಿ ಕಲಾವಿದೆಯ ಜೊತೆ ಆ ಮನೆಗೆ ಹೋದಳು. ಅಪ್ಪ ಬರಲಿಲ್ಲ. ಈಗ ಅಲ್ಲಿ ವಾಸವಿದ್ದ ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದವಳು, ಆಕಳಿಸುತ್ತ ಬಾಗಿಲು ತೆರೆದು, "ನೋಡ್ಕೊಳ್ಳಿ, ಬರೀ ಬಕೆಟ್ಟು, ಪೊರಕೆ ಇದಾವೆ," ಎಂದಳು. ಗೂಡಿಗೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಕುದುರೆ ಇಲ್ಲ, ದೋಣಿ ಇಲ್ಲ. ಅಕ್ಕ ಮೈ ಮುದುಡಿ ಒಳಗೆ ತೂರಿಕೊಂಡು ನೆಲದ ಹತ್ತಿರ ಗೋಡೆ ಸವರಿದಳು. ಬಣ್ಣದಡಿಯಲ್ಲಿ ಗೀರುಗಳು ಬೆರಳಿಗೆ ಸಿಕ್ಕವು. ಬಾಗಿದ ತಲೆ, ಭುಜ, ಚಾಚಿದ ಕೈ. ಇನ್ನೊಂದು ಕೈಗಾಗಿ ತಡಕಿದಳು. ಗೀರು ಮೊಣಕೈಯವರೆಗೆ ಬಂದು ನಿಂತುಹೋಗಿತ್ತು.

"ಪುಸ್ತಕದಲ್ಲಿ ಆ ಕೈ ನಾನು ಸೇರ್ಸಿದ್ದು," ಎಂದಳು ಕಲಾವಿದೆ, ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು.

ಅಕ್ಕ ಬೆರಳನ್ನು ಗೀರು ಮುಗಿದಲ್ಲೇ ಇಟ್ಟುಕೊಂಡು ಕೂತಳು. ನರ್ಸ್ ಇಣುಕಿ ನೋಡಿ, ಹೋಗಿ ಮಲಗಿದಳು.

"ಕೊನೇ ಭಾಗದಲ್ಲಿ ಹುಡುಗೀನ ಹೊರಗೆ ಕರ್ಕೊಂಡು ಬಂದ್ಬಿಡ್ಲಾ ಅಕ್ಕಾ?"

"ಬೇಡ," ಎಂದಳು ಅಕ್ಕ ಒಳಗಿನಿಂದ. "ಈ ಗೋಡೆ ಕಡೆ, ಅಮ್ಮನ ಕಡೆ ತಿರುಗಿಸಿ ಕೂರ್ಸು. ಸಾಕು."

ಕಲಾವಿದೆ ಹಾಗೆಯೇ ಬರೆದಳು. ಪುಸ್ತಕ ಬಂದಾಗ ಕಂಡಕ್ಟರ್ ಓದಿ ಮುಗಿಸಿ ತಲೆ ಕೆರೆದುಕೊಂಡ. "ಇದೇನಕ್ಕಾ, ದೆವ್ವಕ್ಕೆ ಬಿಡುಗಡೇನೇ ಸಿಗ್ಲಿಲ್ವಲ್ಲ?"

"ಬೇಕು ಅಂತ ಅದು ಕೇಳಿತ್ತಾ?" ಎಂದಳು ಅಕ್ಕ.

ಈಗಲೂ ಶುಕ್ರವಾರದ ಮಧ್ಯಾಹ್ನ ಕೌಂಟರಿನ ಕೆಳಗೆ ಬಗ್ಗಿ ಪಾರ್ಸೆಲ್ ಬಿಚ್ಚುವಾಗ, ಪಕ್ಕದಲ್ಲಿ ಯಾರೋ ಮಂಡಿ ಮಡಚಿ ಕೂತಂತೆ ಅವಳಿಗೆ ಅನ್ನಿಸುವುದುಂಟು. ಮೊದಲಿನ ಹಾಗೆ ಬೆಚ್ಚಿ ಎದ್ದು ನಿಲ್ಲುವುದಿಲ್ಲ. ಸ್ವಲ್ಪ ಜಾಗ ಬಿಟ್ಟು ಕೂತು, ಸದ್ದಾಗದಂತೆ ಕತ್ತರಿಯಿಂದ ದಾರ ಕತ್ತರಿಸುತ್ತಾಳೆ.