ಈಶಾನ್ಯ ಮೂಲೆಯ ಇಳಿಜಾರು

ನನ್ನ ಮೊಮ್ಮಗಳು ಶೋಳಿಂಗನಲ್ಲೂರಿನಲ್ಲಿ ಕಾರು ನಿಲ್ಲಿಸುವ ಒಂದು ಕಾಂಕ್ರೀಟ್ ಅಂಗಳ ಹಾಕಿದ್ದಾಳೆ. ಕೆಳಗೆ ಹೋಟೆಲು, ಮೇಲೆ ಆಫೀಸುಗಳು ಇರುವ ಹೊಸ ಕಟ್ಟಡದ ಎದುರಿನ ಅಂಗಳ. ಯಾರಿಗೆ ಹೇಳಿದರೂ "ಓ, ಅಂಗಳವಾ" ಎಂದು ಬೇರೆ ಮಾತು ತೆಗೆಯುತ್ತಾರೆ. ಸೇತುವೆ ಕಟ್ಟಿದ್ದರೆ ನಿಂತು ಕೇಳುತ್ತಿದ್ದರೋ ಏನೋ. ನನಗಂತೂ ಹೇಳದೆ ಇರಲು ಆಗುವುದಿಲ್ಲ. ಮನೆಯಲ್ಲಿ ಹೆಂಡತಿ ಕೇಳಿ ಕೇಳಿ ಸಾಕಾಗಿ, "ಅಷ್ಟು ಉಕ್ಕಿದರೆ ಬರೆದಿಡಿ, ನನ್ನ ಕಿವಿಗೆ ಸ್ವಲ್ಪ ಬಿಡುವು ಕೊಡಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದವನಲ್ಲ. ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಈ ತಮಿಳು ಸೀಮೆಗೆ ಬಂದು, ವಡಪಳನಿಯ ಒಂದು ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಈ ಹೊಸ ಕಟ್ಟಡದ ಯಜಮಾನರು ಆಗಿನ ನನ್ನ ಧಣಿಗಳ ಮಗ. ಅವರ ಮನೆಯ ಉಪ್ಪು ತಿಂದ ಬಾಯಿ ನನ್ನದು. ಅವರೆದುರು ಅದು ತೆರೆದದ್ದು "ಹೂಂ ಧಣಿ" ಅನ್ನುವುದಕ್ಕೆ ಮಾತ್ರ.

ಮೊಮ್ಮಗಳು ಇಲ್ಲೇ ಹುಟ್ಟಿ ಬೆಳೆದವಳು, ತಮಿಳು ಶಾಲೆಯಲ್ಲಿ ಓದಿದವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಒಂದು ಕಂಟ್ರಾಕ್ಟರ್ ಕಂಪನಿಗೆ ಸೇರಿದಳು. ಅಲ್ಲಿ ಅವಳನ್ನು ಕಂಪ್ಯೂಟರಿನ ಎದುರು ಕೂರಿಸಿ ಗೆರೆ ಎಳೆಸುತ್ತಿದ್ದರು. ಅವಳಿಗೆ ಸೈಟಿನ ಆಸೆ. ಬೇಡಿ ಬೇಡಿ ಈ ಅಂಗಳದ ಕೆಲಸ ಸಿಕ್ಕಿತು, ಪೂರ್ತಿ ಅವಳದೇ ಜವಾಬ್ದಾರಿ. ಇದು ಚೆನ್ನಾಗಿ ಬಂದರೆ ಮುಂದೆಯೂ ಸೈಟು, ಕೆಟ್ಟರೆ ಮತ್ತೆ ಕುರ್ಚಿ ಎಂದು ಬಾಸ್ ಹೇಳಿದ್ದರಂತೆ. ಕಾಂಕ್ರೀಟ್ ಹಾಕುವ ದಿನ "ತಾತಾ, ನೀಯುಂ ವಾ" ಎಂದು ನನ್ನನ್ನೂ ಕರೆದಳು. ನಾನು ಬೆಳಗಾಗುವ ಮೊದಲೇ ಸ್ನಾನ ಮುಗಿಸಿ ಕೂತಿದ್ದೆ.

ಸೈಟಿನಲ್ಲಿ ಜಲ್ಲಿ ಹಾಸಿ, ರೋಲರ್ ಓಡಿಸಿ ಗಟ್ಟಿ ಮಾಡಿದ್ದರು. ಸುತ್ತ ಕಬ್ಬಿಣದ ಪಟ್ಟಿ, ಗೂಟದಿಂದ ಗೂಟಕ್ಕೆ ದಾರ. ಆ ದಾರದ ಮಟ್ಟಕ್ಕೆ ಕಾಂಕ್ರೀಟು ಬರಬೇಕು. ದಾರ ಪಶ್ಚಿಮಕ್ಕೆ, ಅಂದರೆ ರಸ್ತೆಯ ಚರಂಡಿ ಇರುವ ಕಡೆಗೆ, ಕಣ್ಣಿಗೆ ಕಾಣದಷ್ಟು ಇಳಿಜಾರಾಗಿರಬೇಕು. ಮಳೆ ನೀರು ಎಲ್ಲೂ ನಿಲ್ಲದೆ ಹೋಗುವುದು ಅದರಿಂದಲೇ. ಇದನ್ನೆಲ್ಲ ಅವಳು ಬಸ್ಸಿನಲ್ಲಿ ಅಂಗೈ ಓರೆ ಮಾಡಿ ತೋರಿಸಿ ಹೇಳಿದ್ದಳು.

ಹೋಗಿ ನೋಡಿದರೆ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಯಾರೋ ದಾರದ ಮಟ್ಟ ಬದಲಿಸಿದ್ದರು. ಈಶಾನ್ಯ ಮೂಲೆಯ ಗೂಟಗಳೆಲ್ಲ ಕೆಳಗಿಳಿದಿದ್ದವು.

"ನಾನೇ ಇಳಿಸಿದ್ದು" ಎಂದರು ಯಜಮಾನರು, ಹೋಟೆಲಿನ ಬಾಗಿಲಿಂದ ಬರುತ್ತಾ. ಹಣೆಯಲ್ಲಿ ಗಂಧ, ಮುಖದಲ್ಲಿ ಗೆದ್ದ ಕಳೆ. "ಪೂಜೆಗೆ ಬಂದವ ಕಂಡೆ, ನೀರು ಪಡುವಣಕ್ಕೆ ಬಿಟ್ಟಿದ್ರಿ. ಅದಾಗ್ಲಿಕ್ಕಿಲ್ಲ. ನೀರು ಈಶಾನ್ಯಕ್ಕೇ ಹೋಗ್ಬೇಕು. ಅಪ್ಪ ತೆರೆದ ಹೋಟೆಲೆಲ್ಲ ಹಾಗೇ ಉಂಟು."

ಮೊಮ್ಮಗಳ ಮುಖ ಬಿಳುಚಿತು. ಈಶಾನ್ಯ ಮೂಲೆಯಲ್ಲಿ ಇದ್ದದ್ದು ಹೋಟೆಲಿನ ಅಕ್ಕಿ ಕೋಣೆಯ ಬಾಗಿಲು. ಅವಳು ತಮಿಳಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ಲೆವೆಲ್ಲು ಡ್ರೈನೇಜು ಎಂದು ವಿವರಿಸಿದಳು. ಅವರು ಕೈ ಅಡ್ಡ ಆಡಿಸಿದರು.

"ಅದೆಲ್ಲ ನಿಮ್ಮ ಪುಸ್ತಕದ್ದು ಮೇಡಂ. ಇದು ನಮ್ಮ ಪದ್ಧತಿ."

ಅಷ್ಟರಲ್ಲಿ ಹೊಟ್ಟೆ ತಿರುಗಿಸುತ್ತಾ ಕಾಂಕ್ರೀಟ್ ಲಾರಿ ಗೇಟಿನೊಳಗೆ ಬಂತು. ಅದು ಕಾಯುವ ವಸ್ತುವಲ್ಲ. ಬಿಸಿಲೇರಿದರೆ ಲಾರಿಯೊಳಗೇ ಗಟ್ಟಿಯಾಗುತ್ತದೆ. ಡ್ರೈವರ್ ಇಳಿದು, ಎಲ್ಲಿಗೆ ಸುರಿಯಲಿ ಎಂದು ಸನ್ನೆಯಲ್ಲಿ ಕೇಳಿದ.

ಯಜಮಾನರು ಆಗ ನನ್ನನ್ನು ಕಂಡರು. "ಹ್ವಾಯ್ ಭಟ್ರೆ, ನೀವೆಂತ ಇಲ್ಲಿ?"

"ಮೊಮ್ಮಗಳ ಕೆಲಸ ಧಣಿ. ಕಾಂಬ ಅಂತ ಬಂದೆ."

"ನಿಮ್ಮ ಮೊಮ್ಮಗಳಾ ಇವಳು? ಒಳ್ಳೇದಾಯ್ತು. ನೀವೇ ಹೇಳಿ ಅವಳಿಗೆ, ನೀರು ಯಾವ ದಿಕ್ಕಿಗೆ ಹೋಗ್ಬೇಕು ಅಂತ."

"ಹೂಂ ಧಣಿ" ನಾಲಗೆಯ ತುದಿಗೆ ಬಂದಿತ್ತು. ಮೊಮ್ಮಗಳು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದಳು.

"ಇಡ್ಲಿ ವಿಷಯ ಆದ್ರೆ ನಾನು ಹೇಳ್ತಿದ್ದೆ ಧಣಿ" ಎಂದೆ. "ಇದಕ್ಕೆ ಇಂಜಿನಿಯರು ಅವಳು. ಅವಳನ್ನೇ ಕೇಳಿ."

ಅವಳು ತಲೆ ಎತ್ತಿದಳು. ಆಮೇಲೆ ಬಾಯಿ ತೆರೆದಳು ನೋಡಿ, ಬಂದದ್ದು ಕನ್ನಡ, ಅದೂ ಅವಳ ಅಜ್ಜಿಯ ಕನ್ನಡ. ಅಲ್ಲಲ್ಲಿ ತಮಿಳಿನ ಕಲ್ಲು ಸಿಕ್ಕಿ ಎಡವಿದರೂ ನಿಲ್ಲಲಿಲ್ಲ.

"ಸರ್, ಈಶಾನ್ಯ ಅಂದ್ರೆ ದೇವ್ರ ಮೂಲೆ, ಅಲ್ದಾ?"

"ಹೌದು."

"ಕಾರ್ ನಿಲ್ತದೆ, ಆಯಿಲ್ ಬೀಳ್ತದೆ, ಟಯರ್ ಮಣ್ಣು ಬೀಳ್ತದೆ. ಆ ಅಳುಕ್ಕು ನೀರನ್ನ ದೇವ್ರ ಮೂಲೆಗೆ ಬಿಡ್ಲಿಕ್ಕೆ ಉಂಟಾ ಸರ್?"

ಯಜಮಾನರು ಗಂಧದ ಹಣೆ ಉಜ್ಜಿಕೊಂಡರು. ಅಳುಕ್ಕು ಎಂದರೆ ಕೊಳೆ. ಅದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಅವಳು ಮೂಲೆಯ ಪೈಪು ತೋರಿಸಿದಳು. "ಮಾಡಿ, ಅಂದ್ರೆ ತಾರಸಿಯ ಮಳೆ ನೀರು ಇದ್ರಲ್ಲಿ ಇಳೀತದೆ. ಅದು ಸುತ್ತ... ಶುದ್ಧ ನೀರು. ಮಳೆ ನೀರಿನ ಗುಂಡಿ ಹೇಗೂ ಮಾಡ್ಬೇಕು, ಪ್ಲಾನಲ್ಲಿ ಹಿಂದುಗಡೆ ಉಂಟು. ಅದನ್ನ ಈ ಮೂಲೆಗೆ ತರ್ತೇನೆ. ಶುದ್ಧ ನೀರು ಈಶಾನ್ಯಕ್ಕೆ, ಭೂಮಿ ಒಳಗೆ. ಕಾರಿನ ನೀರು ಚರಂಡಿಗೆ. ನಿಮ್ಮ ಅಕ್ಕಿಯೂ ಒದ್ದೆ ಆಗುದಿಲ್ಲ."

ಯಜಮಾನರು ಪೈಪು ನೋಡಿದರು, ಅಕ್ಕಿ ಕೋಣೆಯ ಬಾಗಿಲು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಭಟ್ರೆ, ಇದು ಯಾರ ಬುದ್ಧಿ? ನಿಮ್ದಂತೂ ಅಲ್ಲ."

"ಅಲ್ಲ ಧಣಿ. ಅವಳ ಅಜ್ಜಿ ಕಡೆಯದು."

ಅವರು ನಕ್ಕುಬಿಟ್ಟರು. ಮೊಮ್ಮಗಳು ಬಾಸಿಗೆ ಫೋನು ಮಾಡಿ ಒಪ್ಪಿಗೆ ಪಡೆದಳು. ಗುಂಡಿಯ ಜಾಗಕ್ಕೆ ಕಾಂಕ್ರೀಟು ನುಗ್ಗದಂತೆ ಮೇಸ್ತ್ರಿ ಸುತ್ತ ಹಲಗೆ ಹೊಡೆದ. ಇನ್ನು ದಾರ ಮೊದಲಿನ ಮಟ್ಟಕ್ಕೆ ಬರಬೇಕು, ಲಾರಿ ಗುರುಗುಡುತ್ತಿದೆ. ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಗೆ ಯಜಮಾನರೇ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. "ಸ್ವಲ್ಪ ಮೇಲೆ ಸರ್. ತಾತಾ, ನೀ ಅಲ್ಲಾಡ್ಬೇಡ" ಎಂದು ಅವಳು ಇಬ್ಬರನ್ನೂ ಒಂದೇ ದನಿಯಲ್ಲಿ ಗದರಿಸಿದಳು. ಧಣಿಯೂ ನಾನೂ ಒಂದೇ ದಾರದ ಎರಡು ತುದಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು.

ಆಮೇಲೆ ಕಾಂಕ್ರೀಟು ಇಳಿಯಿತು. ಅದು ಇಳಿಯುವ ಸದ್ದು, ಗಂಬೂಟಿನವರು ಅದನ್ನು ಎಳೆಯುವ ಚಂದ, ಮಟ್ಟದ ಪಟ್ಟಿ ಹಾದು ಹೋದ ಮೇಲೆ ಹಿಂದೆ ಉಳಿಯುವ ನುಣುಪು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಷ್ಟು ನುಣ್ಣಗಾದ ಮೇಲೆ ಪೊರಕೆ ತಂದು ಮೈಮೇಲೆಲ್ಲ ಗೀರು ಎಳೆದರು. ಅಯ್ಯೋ, ಹಾಳು ಮಾಡಿದಿರಲ್ಲ ಎಂದೆ. ಟಯರು ಜಾರಬಾರದು ಎಂದು ಹಾಗೆ ಮಾಡುವುದಂತೆ. ಆಮೇಲೆ ದಿನಾ ಗೋಣಿಚೀಲ ಹೊದೆಸಿ ನೀರು ಕುಡಿಸಿದರು. ನಾನು ದಿನವೂ ಮೊಮ್ಮಗಳನ್ನು ಕೇಳುತ್ತಿದ್ದೆ, ಬಾಣಂತಿಯನ್ನು ವಿಚಾರಿಸುವ ಹಾಗೆ, "ಹೇಗುಂಟು? ಬಿರುಕು ಬಿಟ್ಟಿಲ್ಲ ತಾನೇ?"

ಗೋಣಿ ತೆಗೆದು, ಗುಂಡಿಯೂ ಮುಗಿದ ಮೇಲೆ ನೀರು ಬಿಟ್ಟು ನೋಡುವ ದಿನ ಬಂತು. ಟ್ಯಾಂಕರ್ ಲಾರಿಯವನು ಮೇಲಿನ ಅಂಚಿನಿಂದ ನೀರು ಬಿಟ್ಟ. ಅದು ಅಂಗಳದ ತುಂಬ ಹರಡಿತು. ಒಂದು ಗಳಿಗೆ ಅಲ್ಲೇ ಯೋಚಿಸಿದ ಹಾಗೆ ನಿಂತಿತು. ನನ್ನ ಎದೆಯೂ ನಿಂತಿತು. ಆಮೇಲೆ ಹೊರಟಿತು ನೋಡಿ, ಯಾರೋ ಕರೆದ ಹಾಗೆ, ಪಶ್ಚಿಮಕ್ಕೆ, ಚರಂಡಿಗೆ. ತಾರಸಿಯಿಂದ ಬಿಟ್ಟ ನೀರು ಈಶಾನ್ಯದ ಗುಂಡಿಯಲ್ಲಿ ಗುಳುಗುಳು ಎಂದು ಒಳಗಿಳಿಯಿತು. ಯಜಮಾನರು ಅದಕ್ಕೆ ಕೈ ಮುಗಿದರು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲಾದರೂ ನೀರು ನಿಂತಿದೆಯೇ ಎಂದು ಮೂಲೆಮೂಲೆ ಹುಡುಕಿದರು. ಒಂದು ಬೊಗಸೆಯಷ್ಟೂ ಸಿಗಲಿಲ್ಲ.

ಬಾಸ್ ಅವಳಿಗೆ ಕೀಲ್ಪಾಕಿನ ಇನ್ನೊಂದು ಸೈಟು ಕೊಟ್ಟಿದ್ದಾರೆ. ಕುರ್ಚಿಗೆ ಇನ್ನು ಬೇರೆ ಯಾರಾದರೂ ಸಿಗಲಿ.

ನಾನು ಆಗಾಗ ಬಸ್ಸು ಹತ್ತಿ ಶೋಳಿಂಗನಲ್ಲೂರಿಗೆ ಹೋಗಿ, ಕಾರುಗಳ ನಡುವೆ ಒಂದು ಸುತ್ತು ಹಾಕಿ ಬರುತ್ತೇನೆ. ಮೊನ್ನೆ ಹೊಸ ವಾಚ್‌ಮನ್ ತಡೆದ. "ತಾತಾ, ಉಂಗ ಕಾರ್ ಎಂಗೆ?" ನಿಮ್ಮ ಕಾರು ಎಲ್ಲಿ ಎಂದು.

ನನಗೆಲ್ಲಿಯ ಕಾರು ಮಾರಾಯ, ಪಾರ್ಕಿಂಗು ಮಾತ್ರ ನಮ್ಮದು ಎಂದೆ, ನನ್ನ ಹೋಟೆಲ್ ತಮಿಳಿನಲ್ಲಿ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಟ್ಟಡದ ಹಿರಿಯ ಯಜಮಾನರೇ ಇರಬೇಕು ಎಂದುಕೊಂಡನೋ ಏನೋ, ತನ್ನ ಕುರ್ಚಿ ಎಳೆದು ಹಾಕಿದ. ನಾನೂ ತಿದ್ದಲು ಹೋಗಲಿಲ್ಲ. ಕೂತು, ಅವನಿಗೆ ಮೊದಲಿನಿಂದ ಎಲ್ಲ ಹೇಳಿದೆ.