ಗೇಟು ದಾಟಿದ ಮೇಲಿನ ಅಭಿಪ್ರಾಯ

೨೦೦೮ ನವೆಂಬರ್ ೨೩, ಆದಿತ್ಯವಾರ. ಸಂಜೆ ಏಳು ಗಂಟೆ ಐದು ನಿಮಿಷ.

ಮಕ್ಕಳಿಂದ ಪುಸ್ತಕ ಓದಿಸುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಈಗೀಗ ನಗು ಬರುತ್ತದೆ. ಓದಿಸುವುದೇನೂ ಕಷ್ಟವಲ್ಲ. ಬಾಗಿಲು ತೆರೆದಿಟ್ಟು, ಚಾಪೆ ಹಾಸಿ, ಪುಸ್ತಕ ಹರಡಿದರೆ ಅವರು ಓದುತ್ತಾರೆ. ಓದಿದ ಮೇಲೆ "ಹೇಗಿದೆ?" ಎಂದು ಕೇಳಿ ನೋಡಿ. ನಿಮ್ಮ ಆಯುಷ್ಯ ಅಲ್ಲಿ ಸವೆಯುತ್ತದೆ.

ನಾನು ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಅದರಿಂದಲೋ ಏನೋ, ಏನು ಕಂಡರೂ ಗೆರೆ ಹೊಡೆದು ಕಾಲಂ ಮಾಡುವ ಚಟ. ನನ್ನೂರು ತ್ರಾಸಿಗೆ ಬರುವ ಬಸ್ಸು ತಿಂಗಳಲ್ಲಿ ಎಷ್ಟು ದಿನ ತಡ ಮಾಡಿತು ಎನ್ನುವುದು ಕೂಡ ನನ್ನ ಡೈರಿಯಲ್ಲಿದೆ. "ಬಸ್ಸಿನವ್ರ್ ನಿಂಗೆ ಸಂಬ್ಳ ಕೊಡ್ತ್ರಾ?" ಎಂದು ಅಮ್ಮ ಕೇಳುತ್ತಾರೆ. ಜೂನ್ ತಿಂಗಳಲ್ಲಿ ಊರಿನ ಮಕ್ಕಳಿಗಾಗಿ ಆದಿತ್ಯವಾರದ ಓದು ಶುರುಮಾಡಿದಾಗಲೂ ಮೊದಲು ಮಾಡಿದ್ದು ನಾಲ್ಕು ಕಾಲಂ. ಹೆಸರು, ಪುಸ್ತಕ, ತಾರೀಕು, ಅಭಿಪ್ರಾಯ. ಮೊದಲಿನ ಮೂರು ಚೆನ್ನಾಗಿ ತುಂಬಿದವು. ನಾಲ್ಕನೆಯದರಲ್ಲಿ ಮೇಲಿನಿಂದ ಕೆಳಗಿನವರೆಗೆ, ಚೆನ್ನಾಗಿದೆ ಎನ್ನುವ ಒಂದೇ ಮಾತು: "ಲಾಯ್ಕ್ ಇತ್ತ್." ಎರಡು ಕಡೆ ಮಾತ್ರ "ಭಾರೀ ಲಾಯ್ಕ್ ಇತ್ತ್" ಎಂದಿದೆ. ಆಗಸ್ಟ್ ನಂತರ ನಾನು ಅಕ್ಷರ ಬರೆಯುವುದನ್ನೇ ಬಿಟ್ಟು, ಮೇಲಿನಂತೆಯೇ ಎಂದು ಎರಡು ಚುಕ್ಕೆ ಹಾಕುತ್ತಾ ಬಂದಿದ್ದೇನೆ.

ಈ ಓದು ನಡೆಯುವುದು ವಾಸುದೇವ ಮಾವನ ಚಾವಡಿಯಲ್ಲಿ. ಅವರು ನನಗೆ ಸಂಬಂಧದಲ್ಲಿ ಮಾವ ಅಲ್ಲ, ಊರಿಗೆಲ್ಲ ಮಾವ. ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಅದನ್ನು ಅಳಿಯನಿಗೆ ಒಪ್ಪಿಸಿ ಬಂದು ಹೆದ್ದಾರಿಯ ಬದಿಗೆ ಮನೆ ಕಟ್ಟಿಕೊಂಡವರು. ಚಾವಡಿ ಅವರದು, ಚಾಪೆ ಅವರದು, ಎಪ್ಪತ್ತು ಪುಸ್ತಕಗಳೂ ಅವರವೇ. ಮಂಗಳೂರಿನ ಅಂಗಡಿಗೆ ಹೋಗಿ, ಮಕ್ಕಳಿಗೆ ಒಳ್ಳೆಯ ಬುದ್ಧಿ ಬರುವಂಥದ್ದು ಕೊಡಿ ಎಂದು ಕೇಳಿ ತಂದದ್ದಂತೆ. ಅಂಗಡಿಯವನು ಮಾತಿಗೆ ತಪ್ಪಲಿಲ್ಲ. ಎಪ್ಪತ್ತರಲ್ಲಿ ಅರವತ್ತರಷ್ಟು ಪುಸ್ತಕಗಳಲ್ಲಿ ಮಕ್ಕಳು ಬೆಳಿಗ್ಗೆ ಬೇಗ ಏಳುತ್ತಾರೆ, ಹಿರಿಯರ ಮಾತು ಕೇಳುತ್ತಾರೆ, ದಾರಿಯಲ್ಲಿ ಸಿಕ್ಕಿದ್ದನ್ನು ಕಳೆದುಕೊಂಡವರನ್ನು ಹುಡುಕಿ ಕೊಡುತ್ತಾರೆ. ಕಡೆಯ ಪುಟದಲ್ಲಿ ನೀತಿ ದಪ್ಪಕ್ಷರದಲ್ಲಿ ಕುಳಿತಿರುತ್ತದೆ.

ನಾಲ್ಕು ಗಂಟೆಗೆ ಮಾವ ತಮ್ಮ ಕೈಯಾರೆ ಕರಿದ ಗೋಳಿಬಜೆ ತರುತ್ತಾರೆ. ತಿಂದಾದ ಮೇಲೆ ಒಬ್ಬೊಬ್ಬರೇ ಎದ್ದು ನಿಂತು ಅಭಿಪ್ರಾಯ ಹೇಳಬೇಕು. ಮಾವ ಆರಾಮ ಕುರ್ಚಿಯಲ್ಲಿ ಕುಳಿತು, ಮುಖ ಅರಳಿಸಿಕೊಂಡು ಕೇಳುತ್ತಾರೆ. "ಲಾಯ್ಕ್ ಇತ್ತ್." "ಲಾಯ್ಕ್ ಇತ್ತ್." ಕೊಟ್ಟಿಗೆಯಲ್ಲಿ ದನ ಎಣಿಸಿದ ಹಾಗೆ.

ನನ್ನ ಸಿಟ್ಟು ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಹೋದ ತಿಂಗಳ ನಡುವಿನಲ್ಲಿ ಮಾವ ನನ್ನನ್ನು ಕರೆದು, ಮಕ್ಕಳಿಗೆ ಎಲ್ಲವೂ ಹಿಡಿಸಿದೆಯಲ್ಲ, ಇದೇ ತರಹದ್ದು ಇನ್ನೂ ಐವತ್ತು ತಂದುಬಿಡುತ್ತೇನೆ, ನವೆಂಬರ್ ಹದಿನೆಂಟಕ್ಕೆ ಮಂಗಳೂರಿಗೆ ಹೋಗುವುದಿದೆ ಎಂದರು. ಇನ್ನೂ ಐವತ್ತು ಮಂದಿ ಬೇಗ ಏಳುವ ಮಕ್ಕಳು. ಮಾವ ಪದೇಪದೇ ಪುಸ್ತಕ ಕೊಳ್ಳುವವರಲ್ಲ. ಈ ಐವತ್ತು ಬಂದರೆ ತ್ರಾಸಿಯ ಮಕ್ಕಳು ದೊಡ್ಡವರಾಗುವ ತನಕ ಇದೇ ಗತಿ. ಹದಿನೆಂಟರೊಳಗೆ ಯಾರಾದರೂ ಒಬ್ಬರ ಬಾಯಿಂದ ಒಂದು ನಿಜವಾದ ಅಭಿಪ್ರಾಯ ಹೊರಡಬೇಕಿತ್ತು.

ಮೊದಲು ಅಂಕ ಕೊಡಲು ಹೇಳಿದೆ, ಹತ್ತಕ್ಕೆ ಎಷ್ಟು ಎಂದು. ಎಲ್ಲರೂ ಹತ್ತು ಕೊಟ್ಟರು. ಐದನೇ ಕ್ಲಾಸಿನ ಗಣೇಶ ಹನ್ನೊಂದು ಕೊಟ್ಟ. ಅವನ ಅಪ್ಪನಿಗೆ ತರಕಾರಿ ಅಂಗಡಿ. ಹತ್ತಕ್ಕೆ ಹನ್ನೊಂದು ಹೇಗೆ ಎಂದು ಕೇಳಿದೆ. "ಒಂದ್ ಕೊಸ್ರ್ ಇರ್ಲಿ, ಸುಮಕ್ಕ" ಎಂದ. ಆಮೇಲೆ ಹೆಸರು ಬರೆಯದೆ ಚೀಟಿ ಹಾಕಿ ಎಂದು ಬಿಸ್ಕೀಟಿನ ಡಬ್ಬ ಇಟ್ಟೆ. ಎಲ್ಲರೂ ಹೆಸರು, ತರಗತಿ, ಶಾಲೆ ಬರೆದು ಹಾಕಿದರು. ಒಂದು ಚೀಟಿಯ ಕೊನೆಗೆ "ಇತಿ ತಮ್ಮ ವಿಧೇಯ ವಿದ್ಯಾರ್ಥಿ" ಎಂದೂ ಇತ್ತು. ಕಡೆಗೆ ನೇರವಾಗಿ, ಪುಸ್ತಕದಲ್ಲಿ ಏನು ಚೆನ್ನಾಗಿಲ್ಲ ಅದನ್ನು ಹೇಳಿ ಎಂದೆ. ಆಮೇಲೆ ವೇಣಿ ಎದ್ದಳು. ಆರನೇ ಕ್ಲಾಸು, ತಾಯಿ ಮೀನು ಮಾರುವವರು, ಹುಡುಗಿಯ ನಾಲಿಗೆ ಬೀದಿಯಲ್ಲಿ ಭಾರೀ ಚುರುಕು ಎಂದು ಹೆಸರು. ನನಗೆ ಆಸೆ ಹುಟ್ಟಿತು. "ಹಿಂದಿನ್ ಪುಟ ಹರ್ದಿತ್ತ್. ಆರೆ ಅದ್ ನಾ ಹರ್ದದ್ದಲ್ಲ" ಎಂದು ಹೇಳಿ ಕುಳಿತಳು.

ನಮ್ಮ ಕಡೆಯವರಿಗೆ ವಾದ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ತಾಳಮದ್ದಳೆ ಎಂಬ ಕಲೆಯನ್ನೇ ಕಟ್ಟಿಕೊಂಡ ಸೀಮೆ ಇದು. ವೇಷವಿಲ್ಲ, ಕುಣಿತವಿಲ್ಲ, ಬಿಳಿ ಪಂಚೆ ಉಟ್ಟು ಎದುರುಬದುರು ಕುಳಿತು ಬೆಳಗಿನವರೆಗೆ ಮಾತಿನಲ್ಲೇ ಒಬ್ಬರನ್ನೊಬ್ಬರು ಕೆಡವುತ್ತಾರೆ. ಆದರೆ ನೋಡಿ, ಅಲ್ಲಿಯೂ ಯಾರೂ ತಾವಾಗಿ ಮಾತಾಡುವುದಿಲ್ಲ. ಕರ್ಣನಾಗಿ ಜಗಳವಾಡಿದವರು, ಮುಗಿದ ಮೇಲೆ ಅರ್ಜುನನ ಪಕ್ಕ ಕುಳಿತು ಚಹಾ ಕುಡಿದು, ನಿಮ್ಮ ಮಾತು ಬಹಳ ಸೊಗಸಾಗಿತ್ತು ಎನ್ನುತ್ತಾರೆ. ನಮಗೆ ವಾದ ಬರುತ್ತದೆ, ನಮ್ಮ ಹೆಸರಿನಲ್ಲಿ ಬರುವುದಿಲ್ಲ. ಇಂಥ ದೊಡ್ಡ ದೊಡ್ಡ ಸಿದ್ಧಾಂತಗಳನ್ನು ನಾನು ಆ ವಾರ ಬಸ್ಸಿನಲ್ಲಿ ನಿಂತು ಕಟ್ಟಿದೆ. ಎಲ್ಲವೂ ತಪ್ಪು ಎಂದು ಆದಿತ್ಯವಾರ ತಿಳಿಯಿತು.

ಅಂದು ಒಂಬತ್ತನೇ ತಾರೀಕು. ಸಾಮಾನ್ಯವಾಗಿ ಮಕ್ಕಳು ಹೋದ ಮೇಲೆ ನಾನು ಪುಸ್ತಕ ಜೋಡಿಸಿ ಹೊರಡುವವಳು. ಆ ದಿನ ಮನೆಗೆ ನೆಂಟರು ಬರುವವರಿದ್ದರು ಎಂದು ಮಕ್ಕಳ ಬೆನ್ನಿಗೇ ಹೊರಟೆ. ಅವರು ಮುಂದೆ, ನಾನು ಸ್ವಲ್ಪ ಹಿಂದೆ. ಮಾವನ ಗೇಟು ದಾಟಿದೆವು, ಕಾಂಪೌಂಡಿನ ಗೋಡೆ ಮುಗಿಯಿತು. ಗೋಡೆ ಮುಗಿದದ್ದೇ ಅವರ ಬಾಯಿ ತೆರೆಯಿತು.

"ಆ ಪುಸ್ತಕದ್ ಗಂಡ್ ಒಂದ್ ಸರ್ತಿಯೂ ಸುಳ್ಳ್ ಹೇಳುದಿಲ್ಲೆ" ಎಂದ ಗಣೇಶ. "ಅವ್ನೊಟ್ಟಿಗೆ ಯಾರ್ ಆಡ್ತ್ರ್?"

"ನಂದ್ರಲ್ಲ್ ಒಬ್ಳ್ ಕಡ್ಲ್ ಕಾಂಬುಕೆ ಬತ್ತ್ಳ್" ಎಂದಳು ವೇಣಿ. "ಇಡೀ ದಿನ ಚಿಪ್ಪಿ ಹೆಕ್ಕುದೇ ಕೆಲ್ಸ. ದೋಣಿ ಬಂದ್ರೆ ಮೂಗ್ ಮುಚ್ಕಂತ್ಳಂಬ್ರ್. ಮೀನ್ ವಾಸ್ನಿ ಅಂಬ್ರ್. ಮನಿಯಂಗೆ ಎಂತ ತಿಂತ್ಳೋ ಅವ್ಳ್."

ಮತ್ತೆ ಹೆದ್ದಾರಿಯ ಬದಿಯಲ್ಲಿ ನಡೆದದ್ದು ಅಭಿಪ್ರಾಯಗಳ ಸುರಿಮಳೆ. ನೀತಿಯನ್ನು ಮೊದಲೇ ಹೇಳಿದ್ದರೆ ಕತೆ ಓದುವ ಕೆಲಸ ಉಳಿಯುತ್ತಿತ್ತಲ್ಲ ಎಂದು ಒಬ್ಬ. ಮೂರು ಪುಸ್ತಕದಲ್ಲಿ ಅಜ್ಜಿ ಒಂದೇ, ಸೀರೆಯ ಬಣ್ಣ ಮಾತ್ರ ಬೇರೆ ಎಂದು ಇನ್ನೊಬ್ಬಳು. ನಾನು ಹತ್ತೊಂಬತ್ತು ಆದಿತ್ಯವಾರ ಬೇಡಿದ್ದೆಲ್ಲ ರಸ್ತೆಯ ಮೇಲೆ ಧಾರಾಳವಾಗಿ ಚೆಲ್ಲಿಹೋಗುತ್ತಿತ್ತು. ಸಂತೋಷಪಡಬೇಕೋ, ಓಡಿಹೋಗಿ ಒಬ್ಬೊಬ್ಬರ ಕಿವಿ ಹಿಂಡಬೇಕೋ ತಿಳಿಯಲಿಲ್ಲ.

ಆಮೇಲೆ ಹೊಳೆಯಿತು, ಇದು ನಮ್ಮ ಮನೆಯದ್ದೇ ಪಾಠ. ಮದುವೆಯ ಊಟದಲ್ಲಿ ಮನೆಯವರು ಬಂದು "ಅಡ್ಗಿ ಹ್ಯಾಂಗಿತ್ತ್?" ಎಂದು ಕೇಳಿದರೆ ನನ್ನ ಅಮ್ಮ "ಲಾಯ್ಕ್ ಇತ್ತ್" ಎನ್ನುತ್ತಾರೆ, ಬೇಕಿಲ್ಲದಿದ್ದರೂ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ. ಚಪ್ಪರ ಕಣ್ಣಿಗೆ ಮರೆಯಾಗುವವರೆಗೆ ತುಟಿ ಎರಡು ಮಾಡುವುದಿಲ್ಲ. ಅಲ್ಲಿಂದ ಮನೆಯವರೆಗೆ ಬೇಳೆ ಬೆಂದಿಲ್ಲ, ಪಾಯಸಕ್ಕೆ ಬೆಲ್ಲ ಸಾಲದು, ಒಂದೂ ತಪ್ಪುವುದಿಲ್ಲ. ಉಂಡ ಮನೆಯ ಅಂಗಳದಲ್ಲಿ ನಿಂತು ಅನ್ನಕ್ಕೆ ಕುಂದು ಹೇಳಬಾರದು, ಅಷ್ಟೆ. ನಾನು ಮಾಡಿದ್ದು ಏನು? ಮಾವನ ಚಾಪೆಯ ಮೇಲೆ ಕೂರಿಸಿ, ಮಾವನ ಗೋಳಿಬಜೆ ತಿನ್ನಿಸಿ, ಮಾವನ ಎದುರಿಗೆ ನಿಲ್ಲಿಸಿ "ಹೇಗಿದೆ?" ಎಂದು ಕೇಳಿದ್ದು. ಮಕ್ಕಳು ಪುಸ್ತಕದ ಅಭಿಪ್ರಾಯ ಹೇಳುತ್ತಲೇ ಇರಲಿಲ್ಲ. ಊಟಕ್ಕೆ ಉತ್ತರ ಕೊಡುತ್ತಿದ್ದರು.

ಕಾರಣ ಸಿಕ್ಕಿದ ಮೇಲೆ ಮುಂದಿನದು ಸುಲಭ ಎಂದುಕೊಂಡೆ. ಹದಿನಾರನೇ ತಾರೀಕು ಮಕ್ಕಳು ಹೋದ ಮೇಲೆ ಮಾವನಿಗೆ ಎಲ್ಲ ವಿವರಿಸಲು ಉಳಿದೆ. ಗಣೇಶ ಹೀಗೆಂದ, ವೇಣಿ ಹಾಗೆಂದಳು ಎಂದು ಹೇಳುವುದನ್ನು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಮಾವ ಒಳಗಿನಿಂದ ಚಹಾ ತಂದು ಕೈಗೆ ಕೊಟ್ಟು, ಉಳಿದಿದ್ದ ಗೋಳಿಬಜೆಯ ತಟ್ಟೆಯನ್ನು ನನ್ನ ಹತ್ತಿರ ಸರಿಸಿ ಕೇಳಿದರು. "ಹಾಂಗಾರೆ ನಾಡಿದ್ದ್ ಹೋಯಿ ಐವತ್ ತತ್ತೆ. ಮಕ್ಳಿಗೆ ಬರಾಬರ್ ಹಿಡ್ಸಿತ್ತ್ ಅಲ್ದಾ, ಹೆಣೆ?"

ನಾನು ಚಹಾದ ಗ್ಲಾಸು ನೋಡಿದೆ. ಅವರ ಮುಖ ನೋಡಿದೆ. "ಲಾಯ್ಕ್ ಇತ್ತ್ ಅಂಬ್ರ್, ಮಾವ" ಎಂದೆ.

ಬಿ.ಕಾಂ. ಓದಿದವಳು, ಆ ಮಕ್ಕಳಿಗೆ ಐದು ತಿಂಗಳಿನಿಂದ ಧೈರ್ಯವಾಗಿ ಮಾತಾಡಿ ಎಂದು ಬೋಧಿಸಿದವಳು. ಮಕ್ಕಳ ಮೇಲಿದ್ದ ಸಿಟ್ಟು ತಿರುಗಿ ಬಂದು ನನ್ನ ನೆತ್ತಿಯ ಮೇಲೇ ಕುಳಿತಿತು. ಚಪ್ಪಲಿ ಮೆಟ್ಟಿ ಅಂಗಳ ದಾಟಿದೆ, ಗೇಟು ಹಾಕಿದೆ, ರಸ್ತೆಗೆ ಇಳಿದೆ. ಇಳಿದದ್ದೇ ನನ್ನ ಬಾಯಿಯೂ ತೆರೆಯಿತು. ತಿರುಗಿ ನಿಂತು, "ಮಾವ, ಮಕ್ಳಿಗೆ ಆ ಪುಸ್ತಕ ಹಿಡ್ಸಲಿಲ್ಲೆ" ಎಂದೆ.

ಆಗಲೇ ಒಂದು ಮೀನಿನ ಲಾರಿ ಹಾರ್ನ್ ಹಾಕುತ್ತ ಹೋಯಿತು. ಮಾವ ಕಿವಿಗೆ ಕೈ ಆನಿಸಿ ಎಂತ ಎಂದು ಕೇಳಿದರು. ಇನ್ನೂ ಗಟ್ಟಿಯಾಗಿ ಹೇಳಿದೆ. ಎದುರಿನ ಅಂಗಡಿಯವರೂ ತಲೆ ಎತ್ತಿ ನೋಡಿದರು. ಹೀಗೆ, ಒಳಗೆ ಮೆಲ್ಲಗೆ ಹೇಳಬಹುದಾಗಿದ್ದ ಮಾತನ್ನು ಅರ್ಧ ತ್ರಾಸಿಗೆ ಕೇಳುವಂತೆ ಹೇಳಿದವಳು ನಾನು.

ಮಾವ ಗೇಟಿನವರೆಗೆ ಬಂದರು. ಸುಳ್ಳು ಹೇಳದ ಹುಡುಗನ ವಿಷಯ, ಮೂಗು ಮುಚ್ಚಿಕೊಂಡ ಹುಡುಗಿಯ ವಿಷಯ ಎಲ್ಲ ಹೇಳಿದೆ. ಅವರು ಗೇಟಿನ ಸರಳು ಹಿಡಿದುಕೊಂಡು ಕೇಳಿದರು. "ನಾನೇ ಹೋಯಿ ತಂದದ್ದ್" ಎಂದರು, ಅಷ್ಟೇ. ತಿರುಗಿ ಒಳಗೆ ಹೋದರು. ಚಾವಡಿಯ ಬಾಗಿಲು ಹಾಕಿದ ಸದ್ದು ರಸ್ತೆಗೆ ಕೇಳಿತು. ಐವತ್ತು ಪುಸ್ತಕ ತಪ್ಪಿಸಲು ಹೋಗಿ ಇದ್ದ ಎಪ್ಪತ್ತನ್ನೂ ಚಾವಡಿಯನ್ನೂ ಕಳೆದೆ ಎಂದುಕೊಂಡು ಮನೆಗೆ ಬಂದೆ. ಆ ವಾರ ಅಂಗಡಿಯ ಲೆಕ್ಕದಲ್ಲಿ ಎರಡು ತಪ್ಪು ಮಾಡಿದೆ.

ಇಂದು ಮೂರು ಗಂಟೆಗೆ ಹೆದರಿಕೊಂಡೇ ಹೋದೆ. ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಎರಡು ರಟ್ಟಿನ ಪೆಟ್ಟಿಗೆ. ಕಳ್ಳರು, ಭೂತಗಳು, ಶಾಲೆ ತಪ್ಪಿಸುವ ಹುಡುಗಿಯರು, ತಿಮಿಂಗಿಲ, ರೈಲು, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಹದಿನೆಂಟಕ್ಕೆ ಮಾವ ಮಂಗಳೂರಿಗೆ ಹೋಗಿಯೇ ಬಂದಿದ್ದರು. ಮಕ್ಕಳು ಮುತ್ತಿಕೊಂಡರು. ಯಾರು ಯಾವುದು ತೆಗೆದರು ಎಂದು ಬರೆಯಲು ನನಗೆ ಸಾಧ್ಯವಾಗಲಿಲ್ಲ.

ಅಭಿಪ್ರಾಯದ ಹೊತ್ತಿಗೆ "ಹೇಗಿದೆ?" ಎಂದು ನಾನು ಕೇಳಲೇ ಇಲ್ಲ. ಆಗ ಮೂಲೆಯಿಂದ ಗಣೇಶ, ಯಾರಿಗೆಂದಲ್ಲದೆ, ತನ್ನಷ್ಟಕ್ಕೆ ಎಂಬಂತೆ ಹೇಳಿದ. "ಇದ್ ಬೋರ್ ಮರ್ರೆ."

ವೇಣಿ ಅವನ ತೊಡೆ ಚಿವುಟಿದಳು. ಎಲ್ಲರೂ ಮಾವನ ಕುರ್ಚಿ ನೋಡಿದರು. ಮಾವ ಕೈ ನೀಡಿ, "ಯಾವ್ದ್? ಕೊಡ್ ಕಾಂಬ" ಎಂದರು. ಕನ್ನಡಕ ಹಾಕಿಕೊಂಡು, ಕುರ್ಚಿ ಬಿಟ್ಟು, ಬೆಳಕಿಗಾಗಿ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತು ಓದತೊಡಗಿದರು. ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು, ನಿಧಾನವಾಗಿ. ಈ ಐದು ತಿಂಗಳಲ್ಲಿ ಮಾವ ತಾವು ಕೊಟ್ಟ ಪುಸ್ತಕವೊಂದನ್ನು ಓದಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಹೋಟೆಲಿನಲ್ಲಿ ದಿನ ಬೆಳಗಾದರೆ ಸಾಂಬಾರು ರುಚಿ ನೋಡದೆ ಹೊರಗೆ ಕಳಿಸದವರು.

ಇಪ್ಪತ್ತು ಪುಟ ಆದ ಮೇಲೆ ತಲೆ ಎತ್ತಿದರು. "ಹೌದ್ ಮರಾಯ, ಬೋರೇ" ಎಂದರು. "ಆ ಕಳ್ಳ ಎಂತಕ್ಕೆ ಸಿಕ್ಕಿ ಬೀಳುದ್? ನಂಗೇ ಗೊತ್ತಾಯ್ತ್ ಅವ ಎಲ್ಲ್ ಅಡ್ಕಂಡಿದ್ದ ಅಂದ್."

ಅಲ್ಲಿಂದ ಮುಂದೆ ನನ್ನ ಕೆಲಸ ಏನೂ ಉಳಿಯಲಿಲ್ಲ. ಕಳ್ಳ ಎಲ್ಲಿ ಅಡಗಬೇಕಿತ್ತು ಎಂದು ಮಾವನಿಗೂ ವೇಣಿಗೂ ಜಗಳವೇ ಹತ್ತಿತು. ಮೀನಿನ ಬುಟ್ಟಿಯಲ್ಲಿ ಅಡಗಿದರೆ ಪೊಲೀಸರು ಹತ್ತಿರವೂ ಸುಳಿಯುವುದಿಲ್ಲ ಎಂದು ಅವಳು. ಆ ವಾಸನೆಗೆ ಕಳ್ಳನೇ ಕೆಮ್ಮುತ್ತಾನೆ ಎಂದು ಇವರು. ಬಡಿಸುವವರು ತಾವೂ ಪಂಕ್ತಿಯಲ್ಲಿ ಕುಳಿತರೆ ಊಟದ ಮಾತು ಊಟದ ಹೊತ್ತಿಗೇ ಮುಗಿಯುತ್ತದೆ, ರಸ್ತೆಯವರೆಗೆ ಕಾಯಬೇಕಾಗಿಲ್ಲ. ಇದನ್ನು ನಾನು ಜೂನ್‌ನಲ್ಲೇ ಕಂಡುಕೊಂಡಿದ್ದರೆ ಎಷ್ಟು ಶಾಯಿ ಉಳಿಯುತ್ತಿತ್ತು.

ಒಂದು ಸಂಶಯ ಮಾತ್ರ ಉಳಿದಿದೆ. ಮಕ್ಕಳು ಹೊಸ ಪುಸ್ತಕ ಬೋರ್ ಎಂದದ್ದು ನಿಜಕ್ಕೂ ಬೋರ್ ಆಗಿಯೋ, ಮಾವನೊಡನೆ ಜಗಳ ಮಾಡುವ ಸುಖಕ್ಕೋ? ಐದೂವರೆಯ ತನಕ ಹತ್ತು ಪುಸ್ತಕಗಳನ್ನು ಬೋರ್ ಎಂದರು. ಹೋಗುವಾಗ ಅವೇ ಹತ್ತನ್ನು ಮನೆಗೆ ಒಯ್ದರು. ಬೈಂದೂರು, ಶಿರೂರು, ಕೋಟ, ಬ್ರಹ್ಮಾವರದ ಕಡೆ ಹೀಗೆ ಮಕ್ಕಳನ್ನು ಕೂರಿಸಿ ಓದಿಸುವವರು ಯಾರಾದರೂ ಇದ್ದು, ಇದರ ಒಳಗುಟ್ಟು ಬಲ್ಲವರಾದರೆ ದಯವಿಟ್ಟು ಈ ಬ್ಲಾಗಿನ ಕೆಳಗೆ ಎರಡು ಸಾಲು ಬರೆಯಿರಿ. "ಲಾಯ್ಕ್ ಇತ್ತ್" ಎಂದು ಮಾತ್ರ ಬರೆಯಬೇಡಿ.